ಗೋವೆಯ ದೇವಾಲಯಗಳ ಸಂಗೀತ ಸಭೆಗಳು ಮತ್ತು ಕೇಳುಗರ ನೆನಪು

ದೇವರ ಪೂಜೆಯಲ್ಲಿ ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯಗಳು ಮುಗಿದ ಮೇಲೆ ಅರ್ಚಕರು ‘ಗೀತಂ ಶ್ರಾವಯಾಮಿ’ ಎಂದು ಹೇಳುವುದನ್ನು ಭಕ್ತರೆಲ್ಲ ಕೇಳಿದ್ದಾರೆ. ಹಾಡುವವರು ಇಲ್ಲದ ಕಡೆ ಒಂದು ಚಿಟಿಕೆ ಅಕ್ಷತೆ ಏರಿಸಿ ಆ ಸೇವೆ ಸಂದಿತೆಂದು ತಿಳಿಯುವುದು ರೂಢಿ. ಆದರೆ ಗೋವೆಯ ದೇವಾಲಯಗಳಲ್ಲಿ ಈ ಸೇವೆ ಅಕ್ಷತೆಯಲ್ಲಿ ಮುಗಿದುಹೋಗಲಿಲ್ಲ. ಇಲ್ಲಿ ನಿಜವಾಗಿಯೂ ಹಾಡುವವರಿದ್ದರು. ಸಾರಂಗಿ, ತಬಲಾ, ಘುಮಟ ನುಡಿಸುವವರಿದ್ದರು. ಅವರ ಎದುರಿಗೆ ರಾತ್ರಿಯಿಡೀ ಕುಳಿತು ಕೇಳುವ ಜನರೂ ಇದ್ದರು. ಹಿಂದೂಸ್ತಾನಿ ಸಂಗೀತದ ದೊಡ್ಡ ದೊಡ್ಡ ಹೆಸರುಗಳನ್ನು ಈ ಸಣ್ಣ ನಾಡು ಕೊಟ್ಟಿತೆಂಬುದು ಸರ್ವವಿದಿತ.

ಹಾಡಿದವರ ಬಗ್ಗೆ ಗ್ರಂಥಗಳಿವೆ, ಪ್ರಶಸ್ತಿಗಳಿವೆ, ಅವರ ಹೆಸರಿನ ಸಭಾಗೃಹಗಳೂ ಇವೆ. ಕೇಳಿದವರ ಬಗ್ಗೆ ಹೇಳುವವರು ಕಡಿಮೆ. ಆದರೆ ಹಾಡು ಎಂಬುದು ಗುಡಿಯ ಗೋಪುರದಂತೆ ನಿಂತು ಉಳಿಯುವ ವಸ್ತುವಲ್ಲ. ಹಾಡಿದ ಗಳಿಗೆಯಲ್ಲೇ ಅದು ಮುಗಿಯುತ್ತದೆ. ಆಮೇಲೆ ಅದು ಇರುವುದು ಕೇಳಿದವರ ಮನಸ್ಸಿನಲ್ಲಿ ಮಾತ್ರ. ಯಾವ ಊರಿನ ಯಾವ ಮಂಟಪದಲ್ಲಿ, ಯಾರು, ಯಾವ ಹೊತ್ತಿನಲ್ಲಿ, ಯಾವ ರಾಗ ಹಾಡಿದರು ಎಂದು ಹೇಳುವ ಹಿರಿಯರು ಇರುವವರೆಗೆ ಆ ಸಭೆ ಉಳಿದಿದೆ. ಅವರು ಹೋದ ಮೇಲೆ ಸಭೆಯೂ ಹೋಯಿತು. ಉತ್ಸವದ ಈ ಶುಭ ಸಂದರ್ಭದಲ್ಲಿ ಗೋವೆಯ ಸಂಗೀತ ಸಭೆಗಳ ಇತಿಹಾಸವನ್ನು ಈ ದೃಷ್ಟಿಯಿಂದ ನೋಡುವುದು ಉಚಿತವಾಗಿದೆ.

ಅಂತ್ರುಜ ಮಹಾಲು ಮತ್ತು ಸೋದೆಯ ಅರಸರು

ಗೋವೆಯ ದೇವಾಲಯ ಸಂಗೀತವೆಂದರೆ ಮುಖ್ಯವಾಗಿ ಫೋಂಡಾ ತಾಲೂಕಿನ ಕಥೆ. ಹಳೆಯ ಜನ ಇದನ್ನು ಅಂತ್ರುಜ ಮಹಾಲು ಎನ್ನುತ್ತಾರೆ. 1510ರಲ್ಲಿ ಪೋರ್ತುಗೀಜರು ಗೋವೆಯನ್ನು ಹಿಡಿದ ಮೇಲೆ, ಅದೇ ಶತಮಾನದ ಮಧ್ಯಭಾಗದಲ್ಲಿ ತಿಸವಾಡಿ, ಬಾರ್ದೇಶ ಮತ್ತು ಸಾಸಷ್ಟಿ ಪ್ರಾಂತಗಳ ದೇವಾಲಯಗಳು ನಾಶವಾದವು. ಭಕ್ತರು ತಮ್ಮ ತಮ್ಮ ದೇವರನ್ನು ರಾತ್ರೋರಾತ್ರಿ ಹೊತ್ತು ನದಿ ದಾಟಿದರು. ಕುಶಸ್ಥಲಿಯ ಮಂಗೇಶ 1560ರಲ್ಲಿ ಪ್ರಿಯೋಳಕ್ಕೆ ಬಂದ. ಆ ಸ್ಥಳವೇ ಈಗಿನ ಮಂಗೇಶಿ. ವೆರ್ಣೆಯ ಮ್ಹಾಳಸಾ ದೇವಿ ಮಾರ್ದೋಳಕ್ಕೆ ಬಂದಳು. ಕೇಳೋಶಿಯ ಶಾಂತಾದುರ್ಗೆ ಕವಳೆಗೆ ಬಂದಳು. ಬಾಂದಿವಡೆಯ ನಾಗೇಶ ಮಾತ್ರ ಮೊದಲಿನಿಂದಲೂ ಅಲ್ಲಿಯೇ ಇದ್ದವನು. ಅಲ್ಲಿ ವಿಜಯನಗರ ಕಾಲದ 1413ರ ಶಿಲಾಶಾಸನವಿದೆ. ಹೀಗೆ ಕೆಲವೇ ಹರದಾರಿಗಳ ಅಂತರದಲ್ಲಿ ಇಷ್ಟೊಂದು ದೊಡ್ಡ ಕ್ಷೇತ್ರಗಳು ಒಟ್ಟುಗೂಡಿದವು. ದೇವರ ಹಿಂದೆ ಅರ್ಚಕರು, ಹೂವಾಡಿಗರು, ವಾದ್ಯದವರು, ಹಾಡುವವರು ಎಲ್ಲರೂ ಬಂದು ನೆಲೆಸಿದರು.

ಇಲ್ಲಿ ಕನ್ನಡಿಗರು ನೆನಪಿಡಬೇಕಾದ ಒಂದು ಸಂಗತಿಯಿದೆ. ದೇವರುಗಳು ಬಂದಾಗ ಈ ಪ್ರದೇಶ ವಿಜಾಪುರದ ಆದಿಲಶಾಹಿಯ ವಶದಲ್ಲಿತ್ತು. ಮುಂದೆ ಶಿವಾಜಿ ಮಹಾರಾಜರು ಅದನ್ನು ಗೆದ್ದರು. ಆ ಬಳಿಕ ಅದು ಸೋದೆಯ ಅರಸರ ಕೈಗೆ ಬಂತು. ಸೋದೆಯೆಂದರೆ ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲೂಕಿನಲ್ಲಿ ವಾದಿರಾಜ ಸ್ವಾಮಿಗಳ ವೃಂದಾವನವಿರುವ ಅದೇ ಸೋದೆ. 1763ರ ಸುಮಾರಿಗೆ ಹೈದರಾಲಿಯ ದಂಡು ಬಂದಾಗ ಸೋದೆಯ ಅರಸ ಗೋವೆಗೆ ಬಂದು ಆಶ್ರಯ ಪಡೆದ. ಫೋಂಡಾ ಪೋರ್ತುಗೀಜರ ಆಡಳಿತಕ್ಕೆ ಸೇರಿತು. ಅಷ್ಟರಲ್ಲಿ ಅವರ ಮೊದಲಿನ ಮತಾವೇಶ ತಗ್ಗಿದ್ದರಿಂದ ‘ಹೊಸ ಪ್ರದೇಶ’ಗಳೆಂದು ಕರೆಸಿಕೊಂಡ ಈ ಭಾಗದ ದೇವಾಲಯಗಳ ಪೂಜೆ ಪುನಸ್ಕಾರಗಳು ಮುಂದುವರಿದವು. ಅರಸು ಮನೆತನದವರು ಬಾಂದಿವಡೆಯ ನಾಗೇಶಿಯಲ್ಲಿ ನೆಲೆಸಿದರು. ಅಂತ್ರುಜದ ದೇವಾಲಯಗಳ ಉತ್ಸವ, ಪಾಲಖಿ, ಹಾಡು ಇವೆಲ್ಲ ಕನ್ನಡ ನಾಡಿನ ಅರಸರ ಆಳ್ವಿಕೆಯಲ್ಲಿಯೂ ನಡೆದುಬಂದವು ಎಂಬುದು ಗೋವೆಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಅಭಿಮಾನದ ವಿಷಯ.

ಸಭೆ ನಡೆಯುತ್ತಿದ್ದ ಬಗೆ

ಹಳೆಯ ಕಾಲದ ಸಭೆಗೆ ಪ್ರತ್ಯೇಕ ಸಭಾಗೃಹವಿರಲಿಲ್ಲ. ಗರ್ಭಗುಡಿಯ ಎದುರಿನ ಸಭಾಮಂಟಪವೇ ರಂಗಸ್ಥಳ. ಪಾಲಖಿ ಅಂಗಳದಲ್ಲಿ ಸುತ್ತು ಬಂದು, ಆರತಿಯಾಗಿ, ಪ್ರಸಾದ ಹಂಚಿದ ಮೇಲೆ ಮಂಟಪದಲ್ಲಿ ಜಮಖಾನೆ ಹಾಸುವರು. ತಂಬೂರಿ ಶ್ರುತಿ ಕೂಡುವ ಹೊತ್ತಿಗೆ ಹೆಂಗಸರು ಒಂದು ಬದಿಗೆ, ಗಂಡಸರು ಒಂದು ಬದಿಗೆ ಬಂದು ಕುಳಿತುಕೊಳ್ಳುವರು. ಟಿಕೇಟಿಲ್ಲ, ಕುರ್ಚಿಯಿಲ್ಲ, ಮೊದಲ ಸಾಲು ಕೊನೆಯ ಸಾಲೆಂಬ ಬೆಲೆಯ ಭೇದವಿಲ್ಲ. ಧ್ವನಿವರ್ಧಕ ಬರುವ ಮೊದಲು ಹಾಡುವವರ ಕಂಠಕ್ಕೆ ಮಂಟಪದ ಕಲ್ಲುಗೋಡೆ ಮತ್ತು ಮರದ ಮಾಳಿಗೆಗಳೇ ಸಹಾಯ. ಆದ್ದರಿಂದ ಕೇಳುವವರು ಉಸಿರು ಬಿಗಿಹಿಡಿದು ಕುಳಿತುಕೊಳ್ಳಬೇಕಾಗುತ್ತಿತ್ತು. ಒಬ್ಬರು ಮಾತನಾಡಿದರೆ ಹತ್ತು ಜನರಿಗೆ ಹಾಡು ತಪ್ಪುತ್ತಿತ್ತು.

ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಕ್ಕೆ ಹೊತ್ತಿದೆ. ಸಂಜೆಗೆ ಪೂರಿಯಾ ಮಾರವಾಗಳು, ದೀಪ ಹಚ್ಚಿದ ಮೇಲೆ ಯಮನ್, ರಾತ್ರಿ ಏರಿದಂತೆ ಬಾಗೇಶ್ರೀ ದರಬಾರಿಗಳು, ನಡುರಾತ್ರಿ ದಾಟಿದ ಮೇಲೆ ಮಾಲಕಂಸ, ಬೆಳಗಿನ ಜಾವಕ್ಕೆ ಲಲತ, ಕೊನೆಗೆ ಭೈರವಿ. ರಾತ್ರಿಯಿಡೀ ನಡೆದ ಸಭೆಯಲ್ಲಿ ಮಾತ್ರ ಈ ಕ್ರಮ ಪೂರ್ತಿಯಾಗಿ ಅನುಭವಕ್ಕೆ ಬರುತ್ತದೆ. ಆದ್ದರಿಂದಲೇ ಹಿರಿಯ ಕೇಳುಗರ ನೆನಪುಗಳು ಗಡಿಯಾರದ ನೆನಪುಗಳಾಗಿರುವುದಿಲ್ಲ. ‘ಮಳೆ ನಿಂತ ಮೇಲೆ ಹಾಡಿದರು’, ‘ಕೋಳಿ ಕೂಗುವಾಗ ಭೈರವಿ ಹಿಡಿದರು’ ಎಂಬ ರೀತಿಯಲ್ಲಿಯೇ ಅವರು ಹೇಳುತ್ತಾರೆ.

ದೇವಸ್ಥಾನದ ವಹಿಗಳು ಬಹಳ ಕಟ್ಟುನಿಟ್ಟು. ಎಣ್ಣೆ ಎಷ್ಟು ಸೇರು, ಅಕ್ಕಿ ಎಷ್ಟು, ಹೂವಿನವರಿಗೆ ಎಷ್ಟು, ವಾದ್ಯದವರಿಗೆ ಎಷ್ಟು ಎಂಬುದನ್ನೆಲ್ಲ ತಪ್ಪದೆ ಬರೆದಿಡುವುದು ಪದ್ಧತಿ. ಆದರೆ ಕಲಾವಿದರಿಗೆ ಸಂದ ದಕ್ಷಿಣೆಯ ಎದುರಿಗೆ ಅವರು ಏನು ಹಾಡಿದರು ಎಂದು ಬರೆಯುವ ಕಾಲಮ್ಮು ಯಾವ ವಹಿಯಲ್ಲಿಯೂ ಇರುವ ವಾಡಿಕೆಯಿಲ್ಲ. ಖರ್ಚು ಬರೆಯಲ್ಪಟ್ಟಿತು, ಗಳಿಕೆ ಬರೆಯಲ್ಪಡಲಿಲ್ಲ. ಆ ಗಳಿಕೆಯ ಲೆಕ್ಕವಿಟ್ಟವರು ಕೇಳುಗರು.

ಹಾಡಿದ ಹೆಣ್ಣುಮಕ್ಕಳು

ಮಂಟಪದಲ್ಲಿ ಹಾಡಿದವರಲ್ಲಿ ಹೆಚ್ಚಿನವರು ದೇವಾಲಯದ ಸೇವೆಗೆ ಕಟ್ಟುಬಿದ್ದ ಕಲಾವಂತ ಮನೆತನಗಳ ಹೆಣ್ಣುಮಕ್ಕಳು. ತಾಯಿಯಿಂದ ಮಗಳಿಗೆ ವಿದ್ಯೆ ಬರುತ್ತಿತ್ತು. ಅವರ ಹಾಡು ದೇವರಿಗೆ ಬೇಕು, ಊರಿಗೆ ಬೇಕು, ಮದುವೆ ಮುಂಜಿಗೂ ಬೇಕು. ಆದರೆ ಊಟದ ಪಂಕ್ತಿಯಲ್ಲಿ, ಸಂಬಂಧ ಬೆಳೆಸುವಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಸಮಾಜ ಮಾಡಿದ ಈ ಅನ್ಯಾಯವನ್ನು ಮುಚ್ಚಿಟ್ಟು ಸಂಗೀತದ ಕೀರ್ತಿಯನ್ನು ಮಾತ್ರ ಹೇಳಿದರೆ ಇತಿಹಾಸ ಅರ್ಧವಾಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಆ ಸಮಾಜದವರೇ ಸಂಘಟಿತರಾಗಿ, ಶಿಕ್ಷಣ ಪಡೆದು, ಹಳೆಯ ಕಟ್ಟನ್ನು ಬಿಡಿಸಿಕೊಂಡು ಗೋಮಂತಕ ಮರಾಠಾ ಸಮಾಜವೆಂಬ ಹೆಸರಿನಿಂದ ತಲೆಯೆತ್ತಿ ನಿಂತರು. ಗೋವೆಯ ಪ್ರಥಮ ಮುಖ್ಯಮಂತ್ರಿ ದಯಾನಂದ ಬಾಂದೋಡಕರರು ಈ ಸಮಾಜದಿಂದಲೇ ಬಂದವರು.

ಮಂಗೇಶಿಯ ಉದಾಹರಣೆ ನೋಡಬಹುದು. ಮಂಗೇಶನ ಸನ್ನಿಧಿಯಲ್ಲಿ ಹಾಡುತ್ತಿದ್ದ ಯೇಸೂಬಾಯಿಯವರ ಮಗ ದೀನಾನಾಥರು 1900ರ ಡಿಸೆಂಬರ್ 29ರಂದು ಜನಿಸಿದರು. ಊರ ದೇವರ ಹೆಸರನ್ನೇ ಅಡ್ಡಹೆಸರಾಗಿ ಧರಿಸಿ ಮಂಗೇಶಕರರಾದರು. 1918ರಲ್ಲಿ ಬಲವಂತ ಸಂಗೀತ ಮಂಡಳಿ ಎಂಬ ನಾಟಕ ಕಂಪನಿಯನ್ನು ಕಟ್ಟಿ ಮರಾಠಿ ರಂಗಭೂಮಿಯಲ್ಲಿ ಅಸಾಮಾನ್ಯ ಹೆಸರು ಗಳಿಸಿದರು. 1942ರಲ್ಲಿ ಅವರು ತೀರಿಕೊಂಡಾಗ ವಯಸ್ಸು ಕೇವಲ 41. ಅವರ ಮಗಳು ಲತಾ ಮಂಗೇಶಕರರ ಧ್ವನಿಯನ್ನು ಕೇಳದ ಭಾರತೀಯನಿಲ್ಲ. ಅದೇ ಮಂಗೇಶಿಯ ಅರ್ಚಕ ಮನೆತನದಲ್ಲಿ 1929ರಲ್ಲಿ ಜಿತೇಂದ್ರ ಅಭಿಷೇಕಿಯವರು ಹುಟ್ಟಿದರು. ಒಂದೇ ಗುಡಿಯ ಗರ್ಭಗೃಹದ ಕಡೆಯಿಂದ ಒಬ್ಬರು, ಸಭಾಮಂಟಪದ ಕಡೆಯಿಂದ ಒಬ್ಬರು ಹೀಗೆ ನಾಡಿಗೆ ದೊರೆತರು.

ಫೋಂಡಾ ತಾಲೂಕಿನ ಕೇರಿ ಗ್ರಾಮದಲ್ಲಿ 1892ರ ಜುಲೈ 13ರಂದು ಜನಿಸಿದ ಕೇಸರಬಾಯಿ ಕೇರಕರರ ಹೆಸರು ಇಲ್ಲಿ ಮುಖ್ಯವಾಗಿ ಉಲ್ಲೇಖನೀಯ. ಬಾಲ್ಯದಲ್ಲಿ ಕೊಲ್ಹಾಪುರದಲ್ಲಿ ಅಬ್ದುಲ್ ಕರೀಂ ಖಾನರಲ್ಲಿ ಕೆಲವು ತಿಂಗಳು, ಬಳಿಕ ರಾಮಕೃಷ್ಣಬುವಾ ವಝೆ, ಭಾಸ್ಕರಬುವಾ ಬಖಲೆ ಮೊದಲಾದವರಲ್ಲಿ ಪಾಠವಾಯಿತು. ಈ ಭಾಸ್ಕರಬುವಾ ಅವರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕೆಲವು ವರ್ಷ ಸಂಗೀತ ಕಲಿಸಿದವರು. 1921ರಲ್ಲಿ ಕೇಸರಬಾಯಿಯವರು ಜಯಪುರ ಘರಾಣೆಯ ಅಲ್ಲಾದಿಯಾ ಖಾನರ ಶಿಷ್ಯೆಯಾದರು. 1946ರಲ್ಲಿ ಗುರುಗಳು ತೀರಿಕೊಳ್ಳುವವರೆಗೆ ಆ ಸಂಬಂಧ ಮುಂದುವರಿಯಿತು. ಗುರುದೇವ ರವೀಂದ್ರನಾಥ ಠಾಕೂರರು ಅವರ ಹಾಡು ಕೇಳಿ ಮೆಚ್ಚಿದ್ದರು. ‘ಸುರಶ್ರೀ’ ಎಂಬ ಬಿರುದು, 1969ರಲ್ಲಿ ಪದ್ಮಭೂಷಣ ಬಂದವು.

ಕೇಸರಬಾಯಿಯವರು ರೇಡಿಯೋದಲ್ಲಿ ಹಾಡುವುದಕ್ಕೆ ಮನಸ್ಸು ಮಾಡಿದವರಲ್ಲ. ಗ್ರಾಮೊಫೋನ್ ಮುದ್ರಿಕೆಗಳೂ ಕಡಿಮೆ. ಎದುರಿಗೆ ಕುಳಿತು ಕೇಳಬೇಕು, ಕೇಳುವ ಯೋಗ್ಯತೆಯಿಂದ ಕೇಳಬೇಕು ಎಂಬುದು ಅವರ ಹಟ. ಸಂಭಾವನೆಯ ವಿಷಯದಲ್ಲಿಯೂ ಅವರು ಖಡಾಖಂಡಿತ. ಇದನ್ನು ಕೆಲವರು ಅಹಂಕಾರವೆಂದರು. ಆದರೆ ತಮ್ಮ ಮನೆತನದ ಹೆಣ್ಣುಮಕ್ಕಳನ್ನು ತಲೆಮಾರುಗಳ ಕಾಲ ಕರೆದಾಗ ಬಂದು ಹಾಡುವವರೆಂದು ನೋಡಿದ ಸಮಾಜದ ಎದುರಿಗೆ ಒಬ್ಬ ಹೆಂಗಸು ತನ್ನ ವಿದ್ಯೆಗೆ ತಾನೇ ಬೆಲೆ ಕಟ್ಟಿದ್ದನ್ನು ಅಹಂಕಾರವೆನ್ನುವುದು ಸರಿಯಲ್ಲ. ಪರಿಣಾಮವಾಗಿ ಅವರ ಗಾಯನದ ದೊಡ್ಡ ಭಾಗ ಕೇಳುಗರ ನೆನಪಿನಲ್ಲಿಯೇ ಉಳಿಯಿತು.

ವಿಚಿತ್ರವೆಂದರೆ, ಹೀಗೆ ಮುದ್ರಿಕೆಯಿಂದ ದೂರವಿದ್ದವರ ಧ್ವನಿಯೇ ಭೂಮಿಯಿಂದ ಅತಿ ದೂರ ಹೋಗಿದೆ. 1977ರಲ್ಲಿ ಅಮೆರಿಕದವರು ಹಾರಿಸಿದ ವಾಯೇಜರ್ ನೌಕೆಗಳೆರಡರಲ್ಲೂ ಬಂಗಾರದ ಲೇಪದ ಒಂದು ಧ್ವನಿತಟ್ಟೆಯನ್ನು ಇಟ್ಟಿದ್ದಾರೆ. ಅದರಲ್ಲಿ ಜಗತ್ತಿನ ಬೇರೆ ಬೇರೆ ದೇಶಗಳ 27 ಸಂಗೀತ ಭಾಗಗಳಿವೆ. ಭಾರತದಿಂದ ಆಯ್ದದ್ದು ಒಂದೇ ಒಂದು: ಕೇಸರಬಾಯಿಯವರ ಮೂರೂವರೆ ನಿಮಿಷದ ಭೈರವಿ. ಎರಡನೆಯ ನೌಕೆ ಸೆಪ್ಟೆಂಬರ್ 5ರಂದು ಹಾರಿತು. ಅದೇ ತಿಂಗಳ 16ರಂದು ಕೇಸರಬಾಯಿಯವರು ತೀರಿಕೊಂಡರು. ಆ ನೌಕೆ 2012ರಲ್ಲಿ ಸೂರ್ಯನ ಪ್ರಭಾವವಲಯವನ್ನೂ ದಾಟಿತು. ಮೂರೂವರೆ ನಿಮಿಷ ಆಕಾಶದಲ್ಲಿದೆ. ಎಷ್ಟೋ ರಾತ್ರಿಗಳ ಉಳಿದ ಗಾಯನ ಎಲ್ಲಿದೆ ಎಂದು ಕೇಳಿದರೆ ವೃದ್ಧ ರಸಿಕರ ಕಡೆಗೇ ನೋಡಬೇಕಾಗುತ್ತದೆ.

ಸಾಂಗೇ ತಾಲೂಕಿನ ಕುರ್ಡಿ ಗ್ರಾಮದ ಮೋಗೂಬಾಯಿ ಕುರ್ಡೀಕರರು 1904ರ ಜುಲೈ 15ರಂದು ಹುಟ್ಟಿದವರು. ಚಿಕ್ಕ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡು ನಾಟಕ ಕಂಪನಿಗಳಲ್ಲಿ ಬೆಳೆದರು. ಸಾಂಗಲಿಯಲ್ಲಿದ್ದಾಗ ಅವರು ಅಭ್ಯಾಸ ಮಾಡುತ್ತಿದ್ದುದನ್ನು ದಾರಿಯಲ್ಲಿ ಹೋಗುತ್ತಿದ್ದ ಅಲ್ಲಾದಿಯಾ ಖಾನರು ಕೇಳಿ ಒಳಗೆ ಬಂದು ಪಾಠ ಆರಂಭಿಸಿದರೆಂಬುದು ಪ್ರಸಿದ್ಧ ಸಂಗತಿ. ಬಾಗಿಲ ಹೊರಗೆ ನಿಂತ ಒಬ್ಬ ಒಳ್ಳೆಯ ಕೇಳುಗನಿಂದ ಒಬ್ಬ ಮಹಾ ಗಾಯಕಿ ತಯಾರಾದರು. ಮೋಗೂಬಾಯಿಯವರಿಗೆ 1974ರಲ್ಲಿ ಪದ್ಮಭೂಷಣ ಸಂದಿತು. ಅವರ ಮಗಳು ಕಿಶೋರಿ ಅಮೋಣಕರರು ಆ ವಿದ್ಯೆಯನ್ನು ಇನ್ನೂ ಒಂದು ತಲೆಮಾರು ಮುಂದಕ್ಕೆ ಒಯ್ದರು.

ಪಕ್ಕವಾದ್ಯದವರನ್ನೂ ಮರೆಯಬಾರದು. ಖಾಪ್ರುಮಾಮ ಪರ್ವತಕರರು ಲಯದ ಲೆಕ್ಕದಲ್ಲಿ ಅದ್ವಿತೀಯರೆನಿಸಿ ‘ಲಯಭಾಸ್ಕರ’ರೆಂದು ಪ್ರಸಿದ್ಧರಾದರು. ಕೈಯಲ್ಲೊಂದು, ಕಾಲಲ್ಲೊಂದು, ಬಾಯಲ್ಲೊಂದು ತಾಳವನ್ನು ಏಕಕಾಲಕ್ಕೆ ಹಿಡಿದು ತೋರಿಸುತ್ತಿದ್ದರೆಂದು ನೋಡಿದವರು ಹೇಳುತ್ತ ಬಂದಿದ್ದಾರೆ.

ಘಟ್ಟದ ಮೇಲಿನ ಕೇಳುಗರು

ಗೋವೆಗೂ ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳಿಗೂ ಸಂಗೀತದ ನಂಟು ಹಳೆಯದು. ಮರಾಠಿ ಸಂಗೀತ ನಾಟಕವನ್ನು 1880ರಲ್ಲಿ ನೆಲೆಗೊಳಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1888ರಲ್ಲಿ ಮುರಗಾಂವ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ರೈಲು ಬಂದ ಮೇಲೆ ಲೋಂಡಾ ಮಾರ್ಗವಾಗಿ ಘಟ್ಟ ಹತ್ತಿ ಇಳಿಯುವುದು ಸುಲಭವಾಯಿತು. ಸರಕಿನ ಜೊತೆಗೆ ತಂಬೂರಿಗಳೂ ಓಡಾಡಿದವು. 1955ರಲ್ಲಿ ಗಡಿ ಮುಚ್ಚಿ ರೈಲು ನಿಂತಾಗ ಈ ಓಡಾಟಕ್ಕೆ ತಡೆಬಿತ್ತು. 1961ರ ಡಿಸೆಂಬರ್ 19ರಂದು ಗೋವೆ ಮುಕ್ತವಾದ ಬಳಿಕ ಮತ್ತೆ ದಾರಿ ತೆರೆಯಿತು.

ಅಲ್ಲಾದಿಯಾ ಖಾನರ ವಿದ್ಯೆ ಗೋವೆಯ ಇಬ್ಬರು ಹೆಣ್ಣುಮಕ್ಕಳಿಗೆ ದೊರೆತಂತೆ, ಅವರ ಮಕ್ಕಳಾದ ಮಂಜೀಖಾನ ಮತ್ತು ಭೂರ್ಜೀಖಾನರ ಮೂಲಕ ಧಾರವಾಡದ ಮಲ್ಲಿಕಾರ್ಜುನ ಮನಸೂರರಿಗೂ ದೊರೆಯಿತು. ಆದ್ದರಿಂದ ಧಾರವಾಡದ ಕಡೆಯಿಂದ ಬಂದ ಕನ್ನಡಿಗನಿಗೆ ಕೇರಿ, ಕುರ್ಡಿಗಳ ಗಾಯನ ಪರಕೀಯವೆನಿಸುವುದಿಲ್ಲ. ಒಂದೇ ಬಾವಿಯ ನೀರು ಎರಡು ಕಾಲುವೆಗಳಲ್ಲಿ ಹರಿದಿದೆ.

ದೇವಾಲಯದ ಮಂಟಪಕ್ಕೆ ಸರಿಸಮನಾದ ಸಭೆ ಕನ್ನಡ ನಾಡಿನಲ್ಲಿಯೂ ಇದೆ. ಅದು ಕುಂದಗೋಳದ ನಾಡಿಗೇರ ವಾಡೆ. ಅಬ್ದುಲ್ ಕರೀಂ ಖಾನರು ಬಂದು ಹಾಡಿದ ಆ ವಾಡೆಯ ನೆರಳಿನಲ್ಲಿ ಸವಾಯಿ ಗಂಧರ್ವರು ಬೆಳೆದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬಂದು ಅವರಲ್ಲಿ ಪಾಠ ಹೇಳಿಸಿಕೊಂಡರು. 1952ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡ ಬಳಿಕ ಅವರ ಪುಣ್ಯತಿಥಿಗೆ ಅಲ್ಲಿ ರಾತ್ರಿಯಿಡೀ ಸಂಗೀತ ನಡೆಯುವ ಪರಂಪರೆ ಬೆಳೆಯಿತು. ರೈತರು ಬುತ್ತಿ ಕಟ್ಟಿಕೊಂಡು ಬಂದು ಬೆಳಗಿನವರೆಗೆ ಕುಳಿತು ಕೇಳಿದ ಸಭೆ ಅದು. ಅಲ್ಲಿಯ ಕೇಳುಗರಲ್ಲಿ ರಾಗದ ಹೆಸರು ಗೊತ್ತಿಲ್ಲದವರೂ ಇದ್ದರು, ಆದರೆ ಯಾರು ಚೆನ್ನಾಗಿ ಹಾಡಿದರೆಂಬುದು ಗೊತ್ತಿಲ್ಲದವರು ಇರಲಿಲ್ಲ.

ಗಂಗೂಬಾಯಿಯವರ ಬಾಳು ಗೋವೆಯ ಕಲಾವಿದೆಯರ ಬಾಳಿಗೆ ಹತ್ತಿರವಾದುದು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತ ಗೀತೆ ಹಾಡಿದ ಬಾಲಕಿಯರಲ್ಲಿ ಅವರೂ ಒಬ್ಬರು. ಹುಟ್ಟಿನ ಕಾರಣಕ್ಕಾಗಿ ಧಾರವಾಡದ ಬೀದಿಯಲ್ಲಿ ಬಾಲ್ಯದಲ್ಲಿ ಉಂಡ ಅವಮಾನವನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅದೇ ಊರು ಮುಂದೆ ಅವರನ್ನು ಕರೆದು ಗೌರವಿಸಿತು. ಕೇಳುಗರ ನೆನಪಿನಲ್ಲಿ ಹಾಡಿನ ಜೊತೆಗೆ ಈ ಮಾತೂ ಇರಬೇಕು.

ಕೇಳುವುದರಿಂದಲೇ ಬದುಕು ಬದಲಾದ ಉದಾಹರಣೆ ಭೀಮಸೇನ ಜೋಶಿಯವರದು. ಗದಗಿನಲ್ಲಿ ಹುಡುಗನಾಗಿದ್ದಾಗ ಅಂಗಡಿಯೊಂದರಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ಗ್ರಾಮೊಫೋನ್ ಪ್ಲೇಟನ್ನು ಕೇಳಿ, ಹಾಗೆ ಹಾಡುವುದನ್ನು ಕಲಿಯಬೇಕೆಂದು 1933ರಲ್ಲಿ ಮನೆ ಬಿಟ್ಟು ಹೊರಟರು. ಅಂಗಡಿಯವನು ಗಿರಾಕಿಗಳಿಗಾಗಿ ಹಾಕಿದ ಪ್ಲೇಟು ನಾಡಿಗೆ ಒಬ್ಬ ಭಾರತರತ್ನನನ್ನು ಕೊಟ್ಟಿತು.

ನೀರಿನಡಿಯ ಊರು

ಮೋಗೂಬಾಯಿಯವರ ಕುರ್ಡಿ ಗ್ರಾಮಕ್ಕೆ ಮುಂದೆ ಆದದ್ದನ್ನು ವಿಸ್ತಾರವಾಗಿ ಹೇಳಬೇಕು. ಗೋವೆ ಮುಕ್ತವಾದ ಮೇಲೆ ದಕ್ಷಿಣ ಗೋವೆಗೆ ಕುಡಿಯುವ ನೀರು ಮತ್ತು ನೀರಾವರಿಗಾಗಿ ಸಾಳಾವಲಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯಾಯಿತು. ಸುತ್ತಲಿನ ಊರುಗಳ ಸಾವಿರಾರು ಜನ ಮನೆ, ತೋಟ, ಗದ್ದೆಗಳನ್ನು ಬಿಟ್ಟು ಬೇರೆ ಕಡೆ ನೆಲೆಸಬೇಕಾಯಿತು. 1980ರ ದಶಕದಲ್ಲಿ ಕುರ್ಡಿ ನೀರಿನಲ್ಲಿ ಮುಳುಗಿತು.

ಕುರ್ಡಿಯಲ್ಲಿ ಕದಂಬರ ಕಾಲದ ಕಲ್ಲಿನ ಮಹಾದೇವ ದೇವಾಲಯವಿತ್ತು. ಗೋವೆಯ ಕದಂಬರು ಕನ್ನಡದಲ್ಲಿ ಶಾಸನ ಬರೆಸಿದವರು. ಪುರಾತತ್ವ ಇಲಾಖೆಯವರು ಆ ದೇವಾಲಯದ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ, ಅಣೆಕಟ್ಟಿನ ಹತ್ತಿರ ಎತ್ತರದ ಜಾಗದಲ್ಲಿ ಇದ್ದಂತೆಯೇ ಮತ್ತೆ ಜೋಡಿಸಿದರು. ಬಹಳ ದೊಡ್ಡ ಕೆಲಸ. ಕಲ್ಲಿಗೆ ಗುರುತು ಹಾಕಿ ಸಾಗಿಸಬಹುದು. ಆದರೆ ಆ ಊರಿನಲ್ಲಿ ಕೇಳಿದ ಹಾಡಿಗೆ ಯಾರು ಗುರುತು ಹಾಕಬೇಕು?

ಊರಿನ ಜನ ಅದಕ್ಕೊಂದು ದಾರಿ ಕಂಡುಕೊಂಡರು. ಬೇಸಿಗೆಯಲ್ಲಿ ಜಲಾಶಯ ಇಳಿದಾಗ ಕುರ್ಡಿಯ ಮನೆಗಳ ಅಡಿಪಾಯ, ಬಾವಿಗಳು, ದಾರಿಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಮೇ ತಿಂಗಳಿನಲ್ಲಿ ಹಳೆಯ ಗ್ರಾಮಸ್ಥರು ಮಕ್ಕಳು ಮರಿಗಳೊಂದಿಗೆ ಅಲ್ಲಿಗೆ ಹೋಗಿ ಸೋಮೇಶ್ವರನ ಉತ್ಸವ ಆಚರಿಸುತ್ತಾರೆ. ಮಳೆಗಾಲ ಬಂದರೆ ಮತ್ತೆ ನೀರು. ಮೋಗೂಬಾಯಿಯವರ ಮನೆಯ ಉಳಿಕೆಯನ್ನೂ ಅಲ್ಲಿ ತೋರಿಸುತ್ತಾರೆ. ನಿಂತ ಗೋಡೆಯಿಲ್ಲದ ಕಡೆ ‘ಇಲ್ಲಿ ಇಂಥವರ ಮನೆ, ಇಲ್ಲಿ ದೇವರ ಅಂಗಳ’ ಎಂದು ಬೆರಳು ತೋರಿಸುವ ಹಿರಿಯರೇ ಆ ಊರಿನ ನಕಾಶೆ. ಒಂದು ಊರು, ಒಂದು ಸಭೆ ಕೇವಲ ನೆನಪಿನ ಬಲದಿಂದ ಹೇಗೆ ಉಳಿಯುತ್ತದೆ ಎಂಬುದಕ್ಕೆ ಗೋವೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ.

ಸಪ್ತಾಹ ಮತ್ತು ಹೊಸ ಸಭಾಗೃಹಗಳು

ಇಂದಿಗೂ ನಡೆಯುತ್ತಿರುವ ಸಭೆಗಳಲ್ಲಿ ವಾಸ್ಕೋದ ದಾಮೋದರ ಸಪ್ತಾಹ ಪ್ರಮುಖವಾದುದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಊರಿನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ಜನರು ಜಾಂಬಾವಲಿಯ ದಾಮೋದರನಿಗೆ ಮೊರೆಹೊಕ್ಕು, ಅಲ್ಲಿಯ ಪ್ರಸಾದದ ತೆಂಗಿನಕಾಯಿಯನ್ನು ತಂದಿಟ್ಟು ಭಜನೆ ಮಾಡಿದರು. ರೋಗ ನಿಂತಿತೆಂಬುದು ನಂಬಿಕೆ. ಅಂದಿನಿಂದ ನಾಗಪಂಚಮಿಯ ಮರುದಿನ 24 ತಾಸುಗಳ ಅಖಂಡ ಭಜನೆ ನಡೆದುಬಂದಿದೆ. ಸರದಿಯ ಮೇಲೆ ಭಜನಾ ತಂಡಗಳು ಹಾಡುತ್ತವೆ. ಬೇರೆ ಬೇರೆ ವೃತ್ತಿಯ ಸಮಾಜದವರು ರಾತ್ರಿ ‘ಪಾರ’ ಎಂಬ ಮೆರವಣಿಗೆಗಳನ್ನು ತರುತ್ತಾರೆ. ಶಾಸ್ತ್ರೀಯ ಗಾಯಕರ ಬೈಠಕ್‌ಗಳೂ ಏರ್ಪಡುತ್ತವೆ. ಮರುದಿನ ಹಳೆಯ ತೆಂಗಿನಕಾಯಿಯನ್ನು ಸಮುದ್ರದಲ್ಲಿ ವಿಸರ್ಜಿಸುತ್ತಾರೆ.

ವಾಸ್ಕೋ ಬಂದರಿನ ಊರು. ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರ ಕಡೆಗಳಿಂದ ದುಡಿಮೆಗಾಗಿ ಬಂದ ಕನ್ನಡಿಗರು ಇಲ್ಲಿ ಬಹಳ. ಹಗಲು ದುಡಿದು ರಾತ್ರಿ ಸಪ್ತಾಹದ ಗದ್ದಲದಲ್ಲಿ ನಿಂತು ಮರಾಠಿ ಅಭಂಗ ಕೇಳಿದ ಈ ಜನ, ತಮ್ಮ ಓಣಿಯ ಗುಡಿಗಳಲ್ಲಿ ಶಿಶುನಾಳ ಶರೀಫರ ತತ್ವಪದಗಳನ್ನು, ದಾಸರ ಪದಗಳನ್ನು, ವಚನಗಳನ್ನು ಹಾಡುತ್ತ ಬಂದಿದ್ದಾರೆ. ಭಾಷೆ ಬೇರೆಯಾದರೂ ಕುಳಿತು ಕೇಳುವ ರೀತಿ ಒಂದೇ.

ಹೊಸ ಕಾಲಕ್ಕೆ ಹೊಸ ಸಭಾಗೃಹಗಳು ಬಂದವು. 1970ರಲ್ಲಿ ಸ್ಥಾಪನೆಯಾದ ಕಲಾ ಅಕಾಡೆಮಿಗೆ ಪಣಜಿಯಲ್ಲಿ ಮಾಂಡವಿ ನದಿಯ ದಂಡೆಯ ಮೇಲೆ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಕಟ್ಟಡ ರಚಿಸಿದರು. ಒಳಗಿನ ದೊಡ್ಡ ಸಭಾಗೃಹಕ್ಕೆ ದೀನಾನಾಥ ಮಂಗೇಶಕರರ ಹೆಸರು. ಕೇಸರಬಾಯಿಯವರ ಹೆಸರಿನಲ್ಲಿ ಗೋವೆಯಲ್ಲಿ ಸಂಗೀತ ಸಮಾರೋಹ ನಡೆಯುತ್ತ ಬಂದಿದೆ. ಅವರ ಊರಾದ ಕೇರಿಯಲ್ಲಿ ಅವರ ಹೆಸರಿನ ಹೈಸ್ಕೂಲಿದೆ. ಮಂಟಪದಲ್ಲಿ ಹಾಡಿದವರ ಹೆಸರು ಬಾಗಿಲ ಮೇಲೆ ಬಂದದ್ದು ಸಣ್ಣ ಮಾತಲ್ಲ. ಆದರೆ ಕಟ್ಟಡವೂ ಶಾಶ್ವತವಲ್ಲ. ಅಕಾಡೆಮಿಯ ನವೀಕರಣ ನಡೆಯುತ್ತಿದ್ದಾಗ 2023ರ ಜುಲೈನಲ್ಲಿ ಬಯಲು ರಂಗಮಂದಿರದ ಛಾವಣಿ ಕುಸಿದುಬಿತ್ತು. ಆ ಸುದ್ದಿ ಕೇಳಿ ಗೋವೆಯ ರಸಿಕರು ಪಟ್ಟ ಸಂಕಟ ಸಿಮೆಂಟಿಗಾಗಿ ಅಲ್ಲ, ಅಲ್ಲಿ ಕುಳಿತು ಕೇಳಿದ ರಾತ್ರಿಗಳಿಗಾಗಿ.

ಮಾಡಬೇಕಾದ ಕೆಲಸ

ಕೇಳಿದವರು ಬರೆದದ್ದು ಇಲ್ಲವೇ ಇಲ್ಲವೆಂದಲ್ಲ. ವೃತ್ತಿಯಿಂದ ಲೆಕ್ಕಪರಿಶೋಧಕರಾಗಿದ್ದ ವಾಮನರಾವ್ ದೇಶಪಾಂಡೆಯವರು ಸಂಗೀತದ ಘರಾಣೆಗಳ ಬಗ್ಗೆ 1961ರಲ್ಲಿ ಮರಾಠಿಯಲ್ಲಿ ‘ಘರಂದಾಜ ಗಾಯಕಿ’ ಎಂಬ ಗ್ರಂಥ ಬರೆದರು. ಹಗಲು ಕಂಪನಿಗಳ ಜಮಾಖರ್ಚು ನೋಡಿದವರು ರಾತ್ರಿ ಕೇಳಿದ ಗಾಯನದ ಜಮಾಖರ್ಚನ್ನೂ ಬರೆದಿಟ್ಟರು. ಗೋವೆಯ ಕಲಾವಿದರ ಬಗ್ಗೆ ಗೋಪಾಳಕೃಷ್ಣ ಭೋಬೆಯವರು ಬರೆದಿದ್ದಾರೆ. ಕನ್ನಡದಲ್ಲಿ ಮನಸೂರರ ‘ನನ್ನ ರಸಯಾತ್ರೆ’ ಇದೆ. ಇವೆಲ್ಲ ಕಲಿತವರ, ಕೈಯಲ್ಲಿ ಲೇಖನಿಯಿದ್ದವರ ಬರಹ. ಮಂಟಪದ ಕಂಬಕ್ಕೆ ಒರಗಿ ಕೇಳಿದ ಹೂವಾಡಿಗ, ದೀಪದ ಎಣ್ಣೆ ಹಾಕಿದ ಸೇವಕ, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಬೆಳಗಿನವರೆಗೆ ಕುಳಿತ ತಾಯಿ, ಇವರ ನೆನಪನ್ನು ಬರೆದವರಿಲ್ಲ.

ಈ ಕೆಲಸಕ್ಕೆ ದೊಡ್ಡ ಹಣ ಬೇಕಾಗಿಲ್ಲ. ಪ್ರತಿಯೊಂದು ದೇವಸ್ಥಾನ ಸಮಿತಿ ಜಮಾಖರ್ಚಿನ ವಹಿಯ ಜೊತೆಗೆ ಇನ್ನೊಂದು ಇನ್ನೂರು ಪುಟದ ವಹಿ ಇಟ್ಟರೆ ಸಾಕು. ಅದರಲ್ಲಿ ತಿಥಿ, ಹಾಡಿದವರು, ಪಕ್ಕವಾದ್ಯದವರು, ಹಾಡಿದ ಸ್ಥಳ, ರಾಗಗಳು, ಅಂದಿನ ವಿಶೇಷ ಎಂದು ಕಾಲಮ್ಮು ಹಾಕಬೇಕು. ಪ್ರತಿ ಉತ್ಸವದ ನಂತರ ತುಂಬಬೇಕು. ಹಿಂದಿನದಕ್ಕಾಗಿ ಹಿರಿಯರ ಮನೆಗೆ ಹೋಗಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಬೇಕು. ಈಗ ಎಲ್ಲರ ಕೈಯಲ್ಲಿ ಮೊಬೈಲ್ ಇದೆ. ಹಾಡನ್ನು ಮುದ್ರಿಸಲು ಮಾತ್ರವಲ್ಲ, ಹಿರಿಯರ ಮಾತನ್ನು ಮುದ್ರಿಸಲೂ ಅದನ್ನು ಉಪಯೋಗಿಸಬೇಕು. ಆದರೆ ಸಭೆ ನಡೆಯುವಾಗ ಎಲ್ಲರೂ ಮೊಬೈಲ್ ಎತ್ತಿ ಹಿಡಿದರೆ ಕೇಳುವವರು ಯಾರು ಎಂಬುದನ್ನೂ ಯೋಚಿಸಬೇಕು. ಕೇಳದೆ ಇಟ್ಟುಕೊಂಡ ಹಾಡು ಬಿತ್ತದೆ ಇಟ್ಟುಕೊಂಡ ಬೀಜದ ಹಾಗೆ.

ಹಾಡಿದ ಹೆಣ್ಣುಮಕ್ಕಳ ಹೆಸರನ್ನು ಗೌರವದಿಂದ, ಪೂರ್ತಿಯಾಗಿ ಬರೆಯಬೇಕು. ಎಷ್ಟೋ ತಲೆಮಾರು ಅವರು ‘ಇಂಥ ಊರಿನವಳು’ ಎಂಬ ಹೆಸರಿನಲ್ಲಿಯೇ ಹಾಡಿಹೋದರು. ಅವರ ಸೇವೆ ದೇವರಿಗೆ ಸಂದಿದೆ. ಊರಿನಿಂದ ಸಲ್ಲಬೇಕಾದದ್ದು ಬಾಕಿಯಿದೆ. ಬಾಕಿಯನ್ನು ಮುಂದಿನ ವರ್ಷದ ವಹಿಗೆ ಎತ್ತಿಕೊಳ್ಳುತ್ತ ಹೋಗುವುದು ಒಳ್ಳೆಯ ವಹಿವಾಟಲ್ಲ.

ಉತ್ಸವದ ದೀಪಗಳು ಬೆಳಗಲಿ, ಮಂಟಪದಲ್ಲಿ ತಂಬೂರಿ ಶ್ರುತಿಗೂಡಲಿ, ಹಾಡುವವರಿಗೆ ಕಂಠವೂ ಕೇಳುವವರಿಗೆ ತಾಳ್ಮೆಯೂ ಒದಗಲಿ. ಕೇಳಿದ್ದನ್ನು ಮಕ್ಕಳಿಗೆ ಹೇಳುವ ಬುದ್ಧಿಯನ್ನು ಶ್ರೀ ಮಂಗೇಶ, ಶ್ರೀ ಶಾಂತಾದುರ್ಗೆ, ಶ್ರೀ ದಾಮೋದರರು ಸಕಲರಿಗೂ ಕೊಟ್ಟು ಕಾಪಾಡಲಿ.